ಪೆವಿಲಿಯನ್ನಿನ ಹೊರಗಿನ ಚಹಾ

ಲಗಾನ್ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಪಕ್ಕದ ಮನೆಯ ಟಿ.ವಿ.ಯಲ್ಲಿ, ಓಣಿಯ ಹುಡುಗರೆಲ್ಲ ಒಟ್ಟಾಗಿ ಕೂತು. ನಮಗ್ಯಾರಿಗೂ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ, ಬರಬೇಕಾದ ಅಗತ್ಯವೂ ಬೀಳಲಿಲ್ಲ. ಕಚ್ರಾ ಸಾಲಾಗಿ ಮೂರು ವಿಕೆಟ್ ಕೆಡವಿದಾಗ ಎಲ್ಲರೂ ಎದ್ದು ನಿಂತು ಕೂಗಿದೆವು. ಮರುದಿನದಿಂದ ನಮ್ಮ ಮೈದಾನದಲ್ಲೂ ಒಬ್ಬ ಕಚ್ರಾ ಹುಟ್ಟಿಕೊಂಡ. ಅವನ ಕೈಯಲ್ಲಿ ಯಾವ ಊನವೂ ಇರಲಿಲ್ಲ, ಬೌಲಿಂಗ್ ಕೂಡ ಅಷ್ಟೇನೂ ಬರುತ್ತಿರಲಿಲ್ಲ. ಆದರೂ ಆ ಹೆಸರು ಮೂರ್ನಾಲ್ಕು ವರ್ಷ ಅವನಿಗೆ ಅಂಟಿಕೊಂಡಿತು. ಅವನು ಊರಿನ ಯಾವ ಕಡೆಯವನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಕರೆಯುವವರಲ್ಲಿ ನಾನೂ ಇದ್ದೆ.

ಆ ಹೆಸರಿನ ಬಗ್ಗೆ ಮತ್ತೆ ಯೋಚಿಸುವಂತೆ ಮಾಡಿದ್ದು ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ (2002). ಭಾರತದ ಕ್ರಿಕೆಟ್ ಚರಿತ್ರೆಯನ್ನು ಜಾತಿ, ಧರ್ಮ, ವಸಾಹತುಶಾಹಿಗಳ ಚರಿತ್ರೆಯಾಗಿ ಬರೆದ ಈ ಪುಸ್ತಕದ ಕೇಂದ್ರದಲ್ಲಿ ಒಬ್ಬ ಎಡಗೈ ಸ್ಪಿನ್ನರ್ ಇದ್ದಾರೆ, ಪಾಲವಣಕರ್ ಬಾಲೂ. ಚಮ್ಮಾರ ಸಮುದಾಯದವರು. ಹುಟ್ಟಿದ್ದು 1870ರ ದಶಕದಲ್ಲಿ, ಧಾರವಾಡದಲ್ಲಿ. ಮನೆತನದ ಹೆಸರು ಕೊಂಕಣದ ಊರಿನದು. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಬಾಲೂ ಬೆಳೆದದ್ದು, ಆಟ ಕಲಿತದ್ದು ಪುಣೆಯಲ್ಲಿ. ಧಾರವಾಡದಲ್ಲಿ ಇಷ್ಟು ವರ್ಷ ಓದಿಯೂ, ಕೆ.ಸಿ.ಡಿ. ಮೈದಾನದ ಅಂಚಿನಲ್ಲಿ ಕೂತು ನೂರಾರು ಪಂದ್ಯ ನೋಡಿಯೂ ನಾನು ಈ ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ.

ಲಗಾನ್ ಕತೆ ನಡೆಯುವುದು 1893ರಲ್ಲಿ. ಬಾಲೂ ಅದರ ಹಿಂದಿನ ವರ್ಷ, 1892ರಲ್ಲಿ, ಪುಣೆಯ ಯುರೋಪಿಯನ್ನರ ಕ್ಲಬ್ಬಿಗೆ ಕೆಲಸಕ್ಕೆ ಸೇರಿದ್ದರು. ಅಂದರೆ ಅಶುತೋಷ್ ಗೋವಾರಿಕರ್ ಕಲ್ಪಿಸಿದ ಚಂಪಾನೇರಿನಲ್ಲಿ ಹಳ್ಳಿಗರು ಬ್ಯಾಟು ಕೆತ್ತಿಕೊಳ್ಳುತ್ತಿದ್ದ ಹೊತ್ತಿಗೆ, ನಿಜದ ಪುಣೆಯಲ್ಲಿ ಒಬ್ಬ ಅಸ್ಪೃಶ್ಯ ಯುವಕ ಬಿಳಿಯರ ಪಿಚ್ಚಿಗೆ ರೋಲರ್ ಎಳೆಯುತ್ತಿದ್ದ, ನೆಟ್ ಕಟ್ಟುತ್ತಿದ್ದ, ಟೆನಿಸ್ ಕೋರ್ಟಿಗೆ ಸುಣ್ಣದ ಗೆರೆ ಹಾಕುತ್ತಿದ್ದ. ಸಂಬಳ ತಿಂಗಳಿಗೆ ನಾಲ್ಕು ರೂಪಾಯಿ. ಅದಕ್ಕೂ ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಮೂರು ರೂಪಾಯಿಗೆ ಇದೇ ಕೆಲಸ ಮಾಡಿದ್ದರು.

ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಕಚ್ರಾನ ಪ್ರತಿಭೆ ಸಿನಿಮಾದಲ್ಲಿ ಹೊರಬರುವುದು ಆಕಸ್ಮಿಕವಾಗಿ. ಚೆಂಡು ಉರುಳಿಕೊಂಡು ಮೈದಾನದ ಅಂಚಿನಲ್ಲಿ ನಿಂತವನ ಹತ್ತಿರ ಬರುತ್ತದೆ, ನಾಯಕ ಭುವನ್ ಅದನ್ನು ಎಸೆಯಲು ಹೇಳುತ್ತಾನೆ, ಊನವಾದ ಕೈಯಿಂದ ಎಸೆದ ಚೆಂಡು ನೆಲಕ್ಕೆ ಬಿದ್ದು ತಿರುಗುತ್ತದೆ. ಕಚ್ರಾ ಏನನ್ನೂ ಕಲಿತಿಲ್ಲ. ತನಗೆ ಏನು ಬರುತ್ತದೆ ಎಂಬುದೂ ಅವನಿಗೆ ಗೊತ್ತಿಲ್ಲ. ಅದನ್ನು ಕಂಡುಹಿಡಿಯುವವನು ಭುವನ್. ಊರಿನವರು ತಿರುಗಿ ಬಿದ್ದಾಗ ಭಾಷಣ ಮಾಡುವವನೂ ಅವನೇ. ರಾಮ ಶಬರಿಯ ಎಂಜಲು ಹಣ್ಣು ತಿಂದ ಕತೆಯನ್ನು ಭುವನ್ ನೆನಪಿಸುತ್ತಾನೆ, ಊರು ಕರಗುತ್ತದೆ. ಅಷ್ಟೂ ಹೊತ್ತು ಕಚ್ರಾ ನಡುಗುತ್ತ ಸುಮ್ಮನೆ ನಿಂತಿರುತ್ತಾನೆ. ತಾನು ಆಡಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳುವುದಿಲ್ಲ.

ಆ ಕೈ ಎಲ್ಲಿಂದ ಬಂತು ಎಂಬುದು ಕನ್ನಡಿಗರಿಗೆ ಬೇಗ ಹೊಳೆಯುತ್ತದೆ. ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಲೆಗ್‌ಸ್ಪಿನ್ ಮಾಡಿ 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದ ನಮ್ಮ ಬಿ.ಎಸ್. ಚಂದ್ರಶೇಖರ್, 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಮಣಿಸಿದ ಚಂದ್ರ. ಸಿನಿಮಾ ಚಂದ್ರರ ಕೈಯನ್ನೂ ಬಾಲೂ ಅವರ ಜಾತಿಯನ್ನೂ ಒಂದೇ ದೇಹಕ್ಕೆ ಜೋಡಿಸಿದಂತಿದೆ. ಚಿತ್ರಕತೆಗಾರರಿಗೆ ಇವರಿಬ್ಬರೂ ನೆನಪಿದ್ದರೋ ಇಲ್ಲವೋ, ಅದು ಬೇರೆ ಮಾತು. ಆ ಜೋಡಣೆಯಿಂದ ಆಗುವ ಪರಿಣಾಮ ನನಗೆ ಮುಖ್ಯ. ಮನುಷ್ಯರು ಮಾಡಿದ ಜಾತಿ ಎಂಬ ವ್ಯವಸ್ಥೆ ದೇಹದ ಒಂದು ಊನದಂತೆ ಕಾಣತೊಡಗುತ್ತದೆ. ಊನವಾದರೆ ಕನಿಕರ ಹುಟ್ಟುತ್ತದೆ, ಕನಿಕರ ಪಡುವವರ ಮೇಲೆ ಗೌರವ ಹುಟ್ಟುತ್ತದೆ. ತಪ್ಪು ಯಾರದೆಂಬ ಪ್ರಶ್ನೆ ಮಾತ್ರ ಹುಟ್ಟುವುದಿಲ್ಲ.

ಬಾಲೂ ಅವರ ಸ್ಪಿನ್ ಬಂದದ್ದು ಕೂಲಿಯಿಂದ. ಪುಣೆಯ ಕ್ಲಬ್ಬಿನ ಹೆಸರಾಂತ ಬ್ಯಾಟ್ಸ್‌ಮನ್ ಜೆ.ಜಿ. ಗ್ರೇಗ್ ಅಭ್ಯಾಸಕ್ಕೆಂದು ಎಲ್ಲರಿಗಿಂತ ಮೊದಲು ಬರುತ್ತಿದ್ದ. ಅವನಿಗೆ ಗಂಟೆಗಟ್ಟಲೆ ಬೌಲ್ ಮಾಡುವುದು ಬಾಲೂ ಅವರ ಕೆಲಸ. ತನ್ನನ್ನು ಔಟ್ ಮಾಡಿದ ಪ್ರತಿ ಸಲಕ್ಕೆ ಗ್ರೇಗ್ ಎಂಟಾಣೆ ಕೊಡುತ್ತಿದ್ದ ಎಂಬ ಕತೆಯಿದೆ. ಲೆಕ್ಕ ಹಾಕಿ ನೋಡಿ: ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ. ಕತೆ ನಿಜವಿರಲಿ ಬಿಡಲಿ, ಒಂದು ಮಾತನ್ನಂತೂ ಗುಹಾ ಸ್ಪಷ್ಟವಾಗಿ ಬರೆದಿದ್ದಾರೆ. ಅಷ್ಟು ವರ್ಷ ಬೌಲ್ ಮಾಡಿಸಿಕೊಂಡ ಬಿಳಿಯರು ಒಮ್ಮೆಯೂ ಬಾಲೂ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗ್ ಯಜಮಾನರದ್ದು, ಬೌಲಿಂಗ್ ಆಳಿನದ್ದು. ಲಗಾನ್‌ನಲ್ಲೂ ಕೊನೆಯ ಎಸೆತಕ್ಕೆ ಬ್ಯಾಟು ಹಿಡಿದು ನಿಂತವನು ಕಚ್ರಾ. ಅವನು ಒಂದೇ ರನ್ ಓಡುತ್ತಾನೆ, ಅಷ್ಟರಲ್ಲಿ ಅಂಪೈರ್ ನೋ ಬಾಲ್ ಎನ್ನುತ್ತಾನೆ, ಸಿಕ್ಸರ್ ಹೊಡೆಯುವ ಅವಕಾಶ ಭುವನ್‌ಗೆ ಸಿಗುತ್ತದೆ. ಕತೆ ಕಟ್ಟಿದವರಿಗೆ ಅದು ರೋಚಕತೆಯ ಉಪಾಯ. ನನಗೆ ಈಗ ಅಲ್ಲಿ ಪುಣೆಯ ಕ್ಲಬ್ಬಿನ ನಿಯಮವೇ ಕಾಣುತ್ತದೆ.

ಲಗಾನ್‌ನ ಜಾತಿ ರಾಜಕಾರಣದ ಬಗ್ಗೆ ಎಸ್. ಆನಂದ್ 2003ರಷ್ಟು ಹಿಂದೆಯೇ ‘ಬ್ರಾಹ್ಮನ್ಸ್ ಅಂಡ್ ಕ್ರಿಕೆಟ್’ ಎಂಬ ಕಿರುಪುಸ್ತಕ ತಂದರು. ಆ ಜಗಳವನ್ನು ನಾನಿಲ್ಲಿ ಮತ್ತೆ ಶುರು ಮಾಡುತ್ತಿಲ್ಲ. ಸಿನಿಮಾವನ್ನು ಟೀಕಿಸುವುದು ಸುಲಭ, ಅದು ಬಡಪಾಯಿ ಸಿನಿಮಾ. ನನಗೆ ಇರುವ ತೊಡಕು ಗುಹಾ ಅವರ ಪುಸ್ತಕದೊಂದಿಗೆ, ಅದರಾಚೆಗೆ ಸ್ವತಃ ಬಾಲೂ ಅವರೊಂದಿಗೆ.

ಪುಣೆಯ ಹಿಂದೂಗಳ ಕ್ಲಬ್ ಯುರೋಪಿಯನ್ನರಿಗೆ ಸವಾಲು ಹಾಕಬೇಕೆಂದುಕೊಂಡಾಗ ಬಾಲೂ ಅವರನ್ನು ಸೇರಿಸಿಕೊಳ್ಳುವ ಬಗ್ಗೆ ಬ್ರಾಹ್ಮಣ ಸದಸ್ಯರಲ್ಲಿ ಭಿನ್ನಾಭಿಪ್ರಾಯ ಎದ್ದಿತು. ಕೊನೆಗೆ ಗೆಲ್ಲುವ ಆಸೆ ಮೇಲಾಯಿತು, ಸೇರಿಸಿಕೊಂಡರು. ಮೈದಾನದ ಗೆರೆಯೊಳಗೆ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾದ ವಿರಾಮದಲ್ಲಿ ಮಾತ್ರ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ ಬಾಲೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕೆಂದರೆ ಅಸ್ಪೃಶ್ಯ ಆಳೊಬ್ಬ ಮೈದಾನದ ಮೂಲೆಗೆ ನೀರು ತರಬೇಕು.

ಹೊಟೇಲಿನ ಹೊರಗೆ ಸಿಕ್ಕಿಸಿಟ್ಟ ಬೇರೆ ಲೋಟವನ್ನೋ ತೆಂಗಿನ ಕರಟವನ್ನೋ ಬಲ್ಲ ಕನ್ನಡದ ಓದುಗರಿಗೆ ಈ ಕುಡಿಕೆ ಹೊಸದಲ್ಲ. ಚೆಂಡಿನ ಸಂಗತಿ ಹೊಸದು. ಕ್ರಿಕೆಟ್ ಚೆಂಡು ಚರ್ಮದ್ದು. ಚರ್ಮ ಮುಟ್ಟುವ ಕಸುಬಿನವರೆಂದು ಯಾರನ್ನು ಊರಾಚೆ ಇಟ್ಟರೋ ಅವರಲ್ಲೊಬ್ಬರು ಬೆವರೊರೆಸಿ ಎಸೆದ ಚರ್ಮದ ಚೆಂಡನ್ನು ಸ್ಲಿಪ್ಪಿನಲ್ಲಿ ನಿಂತ ಬ್ರಾಹ್ಮಣ ಎರಡೂ ಕೈಯೊಡ್ಡಿ ಹಿಡಿಯುತ್ತಿದ್ದ. ಹಿಡಿದರೆ ಚಪ್ಪಾಳೆ. ಕ್ರಿಕೆಟ್ಟಿನ ಅಂತರಂಗ ಹಿಂದೂ ಮನಸ್ಸಿಗೆ ಹತ್ತಿರವಾದದ್ದು, ಬ್ರಿಟಿಷರ ಕಣ್ಣಿಗೆ ಅದು ಅಕಸ್ಮಾತ್ತಾಗಿ ಬಿತ್ತು ಎಂಬರ್ಥದ ವಾದವನ್ನು ಅಶೀಶ್ ನಂದಿ ‘ದ ಟಾವೋ ಆಫ್ ಕ್ರಿಕೆಟ್’ನಲ್ಲಿ (1989) ತುಂಟತನದಿಂದ ಮಂಡಿಸುತ್ತಾರೆ. ವಿಧಿ, ನಿಧಾನ, ಅನಿಶ್ಚಿತತೆಗಳ ಬಗ್ಗೆ ಅವರು ಹೇಳುವುದೆಲ್ಲ ಚೆನ್ನಾಗಿದೆ. ಆದರೆ ಆ ಹಿಂದೂ ಮನಸ್ಸು ಚಹಾದ ವಿರಾಮದಲ್ಲಿ ಎಲ್ಲಿ ಕೂತಿತ್ತು ಎಂದು ಕೇಳಿದರೆ ಆ ವಾದ ಸ್ವಲ್ಪ ತಡವರಿಸುತ್ತದೆ.

1890ರ ದಶಕದ ಪ್ಲೇಗಿನ ಹೊತ್ತಿಗೆ ಬಾಲೂ ಮುಂಬಯಿಗೆ ಬಂದರು, ಅಲ್ಲಿಯ ಹಿಂದೂ ಜಿಮಖಾನಾಕ್ಕೆ ಆಡತೊಡಗಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನಿನಿಂದ ಸೋಲಿಸಿತು. ಬಂಗಾಳ ವಿಭಜನೆಯಾಗಿ ಕೆಲವೇ ತಿಂಗಳಾಗಿತ್ತು, ಜಪಾನ್ ರಷ್ಯಾವನ್ನು ಮಣಿಸಿದ ಸುದ್ದಿ ಇನ್ನೂ ಬಿಸಿಯಾಗಿತ್ತು, ಹಾಗಾಗಿ ಈ ಗೆಲುವಿಗೆ ಎಷ್ಟು ಅರ್ಥಗಳು ಅಂಟಿಕೊಂಡವೋ ಹೇಳಬೇಕಾಗಿಲ್ಲ. ಬಾಲೂ ಜೊತೆ ಅವರ ತಮ್ಮ ಶಿವರಾಮ ಕೂಡ ಆ ತಂಡದಲ್ಲಿದ್ದರು. ಮುಂಬಯಿಯ ‘ಇಂಡಿಯನ್ ಸೋಶಿಯಲ್ ರಿಫಾರ್ಮರ್’ ಪತ್ರಿಕೆ ಈ ಸಹೋದರರನ್ನು ಜಿಮಖಾನಾ ಸೇರಿಸಿಕೊಂಡದ್ದು ಎಲ್ಲರಿಗೂ ಗೌರವದ ಮಾತು, ಹಿಂದೂ ಯುವಕರ ಮನಸ್ಸನ್ನು ಇದು ಬೇರೆಲ್ಲ ಪ್ರಯತ್ನಗಳಿಗಿಂತ ಹೆಚ್ಚು ಉದಾರಗೊಳಿಸಿದೆ ಎಂಬರ್ಥದಲ್ಲಿ ಬರೆಯಿತು. ಒಳ್ಳೆಯ ಮಾತೇ. ಆದರೆ ಗೌರವ ಯಾರಿಗೆ ಸಂದಿತು ನೋಡಿ, ಸೇರಿಸಿಕೊಂಡವರಿಗೆ. ಭುವನ್‌ನ ಭಾಷಣಕ್ಕೆ ಸುಮಾರು ನೂರು ವರ್ಷ ಮೊದಲೇ ಅದರ ಕರಡು ಸಿದ್ಧವಾಗಿತ್ತು. ಗುಹಾ ಪತ್ರಿಕೆಯ ಇಂಥ ಮಾತುಗಳನ್ನು ಶ್ರಮಪಟ್ಟು ಹುಡುಕಿ ನಮ್ಮೆದುರು ಇಟ್ಟಿದ್ದಾರೆ. ಆ ಋಣವನ್ನು ಮರೆಯುವಂತಿಲ್ಲ, ಅವರ ಪುಸ್ತಕ ಇಲ್ಲದಿದ್ದರೆ ಈ ಲೇಖನವೇ ಇಲ್ಲ. ಆದರೆ ಪತ್ರಿಕೆಯ ಉತ್ಸಾಹವನ್ನು ಅವರು ಕೆಲವೊಮ್ಮೆ ತಮ್ಮದಾಗಿಸಿಕೊಳ್ಳುತ್ತಾರೆ. ಬಾಗಿಲು ನಿಧಾನವಾಗಿ ತೆರೆಯುತ್ತ ಹೋಯಿತು ಎಂಬ ಲಯ ಆ ಅಧ್ಯಾಯಗಳಲ್ಲಿ ಉದ್ದಕ್ಕೂ ಇದೆ.

1911ರಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಕ್ಯಾಪ್ಟನ್ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು ಹತ್ತೊಂಬತ್ತು. ಬಾಲೂ ಅವರಿಗೆ ಸುಮಾರು ಮೂವತ್ತೈದು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಬಾಲೂ ಮಾತ್ರ ಆ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಮರಳಿ ಬಂದಾಗ ಮುಂಬಯಿಯ ದಲಿತರು ಅವರಿಗೆ ಸನ್ಮಾನ ಮಾಡಿದರು. ಆ ಮಾನಪತ್ರ ಬರೆದ ಯುವಕ ಭೀಮರಾವ್ ಅಂಬೇಡ್ಕರ್ ಎಂದು ಗುಹಾ ಹೇಳುತ್ತಾರೆ.

ಇನ್ನು ಕ್ಯಾಪ್ಟನ್ ಪದವಿಯ ಪ್ರಶ್ನೆ. ಹಿಂದೂ ತಂಡದ ಅತ್ಯಂತ ಹಿರಿಯ, ಅತ್ಯಂತ ಯಶಸ್ವಿ ಆಟಗಾರನಾದರೂ ಬಾಲೂ ಕ್ಯಾಪ್ಟನ್ ಆಗಲಿಲ್ಲ. 1913ರಲ್ಲಿ ಆ ಪದವಿಗೆ ಆಯ್ಕೆಯಾದ ಎಂ.ಡಿ. ಪೈ, ಇದು ನಿಜವಾಗಿ ಬಾಲೂಗೆ ಸಲ್ಲಬೇಕಿತ್ತು ಎಂದು ಸಭೆಯಲ್ಲೇ ಹೇಳಿದರು. ಹೇಳಿದರು ನಿಜ, ಕ್ಯಾಪ್ಟನ್ ಆಗಿ ಆಡಿದ್ದೂ ಅವರೇ. 1920ರಲ್ಲಿ ಬಾಲೂ ಅವರನ್ನು ತಂಡದಿಂದ ಕೈಬಿಟ್ಟು, ತಮ್ಮ ವಿಠ್ಠಲರನ್ನು ಬದಿಗಿಟ್ಟು ಪುಣೆಯ ಡಿ.ಬಿ. ದೇವಧರ್‌ಗೆ ನಾಯಕತ್ವ ಕೊಟ್ಟಾಗ ಶಿವರಾಮ, ವಿಠ್ಠಲ ಇಬ್ಬರೂ ಆಡುವುದಿಲ್ಲವೆಂದು ಹೊರಬಂದರು. ತಮಗಾಗುತ್ತಿರುವ ಅನ್ಯಾಯ ಜಾತಿಯದ್ದು ಎಂದು ಬಹಿರಂಗ ಹೇಳಿಕೆ ಕೊಟ್ಟರು. ಮುಂದಿನ ಪಂದ್ಯದ ಹೊತ್ತಿಗೆ ಪೈ ಮತ್ತೆ ನಾಯಕ, ಬಾಲೂ ಉಪನಾಯಕ, ತಮ್ಮಂದಿರು ವಾಪಸ್. ಆ ಪಂದ್ಯದಲ್ಲಿ ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ಹೋದರು, ಬಾಲೂ ತಂಡ ನಡೆಸಲೆಂದು. 1923ರಲ್ಲಿ ವಿಠ್ಠಲ ಕ್ಯಾಪ್ಟನ್ ಆದರು, ಹಿಂದೂ ತಂಡ ಗೆದ್ದಿತು, ಜನ ಅವರನ್ನು ಹೆಗಲ ಮೇಲೆ ಹೊತ್ತರು.

ಸಿ.ಎಲ್.ಆರ್. ಜೇಮ್ಸ್ ಬರೆದ ‘ಬಿಯಾಂಡ್ ಎ ಬೌಂಡರಿ’ (1963) ಓದಿದವರಿಗೆ ಇಲ್ಲಿ ಫ್ರಾಂಕ್ ವೊರೆಲ್ ನೆನಪಾಗಬೇಕು. ವೆಸ್ಟ್ ಇಂಡೀಸಿನ ಬಿಳಿಯ ಕ್ಯಾಪ್ಟನ್ನರ ಪರಂಪರೆಯನ್ನು ಮುರಿಯಲು ಜೇಮ್ಸ್ ಪತ್ರಿಕೆಯಲ್ಲಿ ಚಳವಳಿಯನ್ನೇ ನಡೆಸಿದರು, 1960–61ರ ಆಸ್ಟ್ರೇಲಿಯಾ ಪ್ರವಾಸಕ್ಕೆ ವೊರೆಲ್ ನಾಯಕರಾದರು. ಆ ಪುಸ್ತಕದಲ್ಲಿ ನನಗೆ ಅದಕ್ಕಿಂತ ದೊಡ್ಡದು ಬೇರೆ ಜಾಗ. ಯುವಕ ಜೇಮ್ಸ್ ಟ್ರಿನಿಡಾಡಿನಲ್ಲಿ ಯಾವ ಕ್ಲಬ್ ಸೇರಬೇಕು ಎಂಬ ಪ್ರಶ್ನೆ ಎದುರಾದಾಗ ಕಪ್ಪು ಜನರ ಶಾನನ್ ಬಿಟ್ಟು ತುಸು ತಿಳಿಬಣ್ಣದವರ ಮೇಪಲ್ ಸೇರುತ್ತಾರೆ. ಆ ಆಯ್ಕೆ ತನ್ನನ್ನು ಸಾಮಾನ್ಯ ಜನರಿಂದ ದೂರ ಮಾಡಿತು, ತನ್ನ ರಾಜಕೀಯ ಬೆಳವಣಿಗೆಯನ್ನು ಎಷ್ಟೋ ವರ್ಷ ತಡೆಯಿತು ಎಂದು ಮುಂದೆ ಒಪ್ಪಿಕೊಳ್ಳುತ್ತಾರೆ. ಮೈದಾನದಲ್ಲಿ ಯಾರ ಪಕ್ಕ ನಿಂತೆವು ಎಂಬುದು ರಾಜಕಾರಣದಲ್ಲಿ ಎಲ್ಲಿ ನಿಲ್ಲುತ್ತೇವೆ ಎಂಬುದನ್ನು ತಿದ್ದುತ್ತದೆ ಎಂಬ ಅರಿವು ಅದು. ಬಾಲೂ ಇಂಥದ್ದೇನನ್ನೂ ಬರೆದಿಟ್ಟು ಹೋಗಲಿಲ್ಲ. ಆತ್ಮಕಥೆ ಬರೆದವರು ತಮ್ಮ ವಿಠ್ಠಲ, ಮರಾಠಿಯಲ್ಲಿ, 1948ರಲ್ಲಿ. ಬಾಲೂ ಅವರ ಆಯ್ಕೆಯನ್ನು ಅವರ ಬದುಕಿನಿಂದಲೇ ಓದಿಕೊಳ್ಳಬೇಕು.

ಆ ಆಯ್ಕೆ ಎದುರಾದದ್ದು 1932ರಲ್ಲಿ. ಅಂಬೇಡ್ಕರ್ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದರು, ಬ್ರಿಟಿಷ್ ಸರ್ಕಾರ ಒಪ್ಪಿತು, ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಬಾಲೂ ನಿಂತದ್ದು ಎಂ.ಸಿ. ರಾಜಾ ಅವರ ಜೊತೆ, ಜಂಟಿ ಮತಕ್ಷೇತ್ರದ ಪರ. ಸೆಪ್ಟೆಂಬರ್ 24ರ ಪೂನಾ ಒಪ್ಪಂದಕ್ಕೆ ಸಹಿ ಮಾಡಿದವರಲ್ಲಿ ಅವರೂ ಒಬ್ಬರು. ಆಮೇಲೆ ಹಿಂದೂ ಮಹಾಸಭಾದ ಟಿಕೆಟ್ಟಿನಲ್ಲಿ ಮುಂಬಯಿ ನಗರಸಭೆಗೆ ನಿಂತು ಸೋತರು. 1935ರಲ್ಲಿ ಅಂಬೇಡ್ಕರ್ ಯೇವಲೆಯಲ್ಲಿ ಹಿಂದೂವಾಗಿ ಸಾಯಲಾರೆ ಎಂದಾಗ ಅದನ್ನು ವಿರೋಧಿಸಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಲೂ ಅವರಿಗೆ 11,225.

ಈ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಆವತ್ತಿನವರೆಗೆ ನನ್ನ ಮನಸ್ಸಿನಲ್ಲಿ ಒಂದು ಲೇಖನ ತಯಾರಾಗುತ್ತಿತ್ತು: ಧಾರವಾಡದ ಮರೆತ ವೀರ, ಕಚ್ರಾನ ಹಿಂದಿನ ನಿಜ, ನಮ್ಮವನು. ಆ ಲೇಖನವನ್ನು ಅಲ್ಲಿಗೇ ಬಿಡಬೇಕಾಯಿತು. ಮಾನಪತ್ರ ಬರೆದ ಹುಡುಗನ ಎದುರೇ ಇವರು ಚುನಾವಣೆಗೆ ನಿಂತಿದ್ದರು. ರಾಷ್ಟ್ರೀಯತೆಯ ಕಥನಕ್ಕೆ ಬಾಲೂ ಒಳ್ಳೆಯ ಹರಿಜನ. ಅಂಬೇಡ್ಕರ್‌ವಾದಿ ಕಥನಕ್ಕೆ ಅವರು ಬೇರೆಯವರ ಕೈಗೊಂಬೆ. ಎರಡೂ ಕಡೆ ಅವರಿಗೆ ತಮ್ಮದೇ ಬುದ್ಧಿ ಇತ್ತು ಎಂಬ ಸಾಧ್ಯತೆ ಇಲ್ಲ, ಎರಡೂ ಕಡೆ ಅವರು ಸುಮ್ಮನೆ ನಿಂತ ಕಚ್ರಾ.

ನನಗನ್ನಿಸುವುದು ಇಷ್ಟು. ಬಾಲೂ 1932ರಲ್ಲಿ ತಳೆದ ನಿಲುವು ಕ್ರಿಕೆಟ್ಟಿನಿಂದಲೇ ಬಂದದ್ದು. ಕುಡಿಕೆಯಲ್ಲಿ ಚಹಾ ಕುಡಿದ ತಂಡದಲ್ಲೇ ಉಳಿದು, ಆಡಿ, ಗೆದ್ದು, ಕೊನೆಗೆ ತಮ್ಮ ಕ್ಯಾಪ್ಟನ್ ಆದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಸುಮಾರು ಮೂವತ್ತು ವರ್ಷ ಹಿಡಿಯಿತು, ಆದರೆ ಆಯಿತು. ಹಿಂದೂ ತಂಡದ ಒಳಗಿದ್ದೇ ಬದಲಾವಣೆ ತರಬಹುದು ಎಂಬುದು ಅವರ ಪಾಲಿಗೆ ಗಾಂಧಿಯಿಂದ ಕಲಿತ ಸಿದ್ಧಾಂತವೇನೂ ಆಗಿರಬೇಕಿಲ್ಲ, ಸ್ವಂತ ಅನುಭವವೇ ಹಾಗಿತ್ತು. ಆ ಅನುಭವವನ್ನು ದಡ್ಡತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಅದೇ ಅನುಭವವನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಬಾಲೂ ಯಾಕೆ ಕ್ಯಾಪ್ಟನ್ ಆಗಲಿಲ್ಲ? ಆಯ್ಕೆ ಮಾಡುವವರು ಬೇರೆಯವರಾಗಿದ್ದರು. ವಿಕೆಟ್ ಪಡೆಯುವುದು ಅವರ ಕೈಯಲ್ಲಿತ್ತು, ನಾಯಕತ್ವ ಸವರ್ಣರ ಒಪ್ಪಿಗೆಯಲ್ಲಿತ್ತು. ಜಂಟಿ ಮತಕ್ಷೇತ್ರದ ಬಗ್ಗೆ ಅಂಬೇಡ್ಕರ್ ಹೇಳುತ್ತಿದ್ದದ್ದೂ ಇದನ್ನೇ: ನಮ್ಮ ಪ್ರತಿನಿಧಿಯನ್ನು ಆರಿಸುವವರು ಬಹುಸಂಖ್ಯಾತ ಸವರ್ಣರಾದರೆ, ಅವರಿಗೆ ಹಿತವಾದವನು ಬರುತ್ತಾನೆ, ನಮಗೆ ಬೇಕಾದವನು ಬರುವುದಿಲ್ಲ. ಕ್ಯಾಪ್ಟನ್ ಆರಿಸುವ ಜಿಮಖಾನಾದ ಕೋಣೆ ಒಂದು ಸಣ್ಣ ಜಂಟಿ ಮತಕ್ಷೇತ್ರ. ಪೈ ಅವರ ಸೌಜನ್ಯ ದೊಡ್ಡದು, ಆದರೆ ಸ್ವಲ್ಪ ಹೊತ್ತು ಮೈದಾನ ಬಿಟ್ಟುಕೊಡುವುದು ಮತ್ತು ಪದವಿಯನ್ನೇ ಬಿಟ್ಟುಕೊಡುವುದು ಒಂದೇ ಅಲ್ಲ. ಬಾಗಿಲು ನಿಜವಾಗಿ ಅಲುಗಿದ್ದು 1920ರಲ್ಲಿ, ಇಬ್ಬರು ಅಣ್ಣತಮ್ಮಂದಿರು ನೀವು ಬೇಕಾದರೆ ಆಡಿಕೊಳ್ಳಿ ಎಂದು ಹೊರನಡೆದಾಗ. ಗುಹಾ ಈ ಘಟನೆಯನ್ನು ವಿವರವಾಗಿ ಬರೆಯುತ್ತಾರೆ, ಆದರೂ ಅದನ್ನು ಗಾಂಧಿಯ ಕಾಲದ ಬದಲಾಗುತ್ತಿದ್ದ ಗಾಳಿಯ ಜೊತೆ ಸೇರಿಸಿಬಿಡುತ್ತಾರೆ. ನನಗೆ ಅದು ಮಹಾಡ್ ಸತ್ಯಾಗ್ರಹಕ್ಕೆ ಏಳು ವರ್ಷ ಮೊದಲೇ ನಡೆದ, ಅಂಬೇಡ್ಕರ್ ದಾರಿಗೆ ಹೆಚ್ಚು ಹತ್ತಿರದ ಕೆಲಸವಾಗಿ ಕಾಣುತ್ತದೆ. ತಮ್ಮಂದಿರ ಆ ಪ್ರತಿಭಟನೆಯಿಂದಲೇ ಉಪನಾಯಕರಾದ ಬಾಲೂ ಹನ್ನೆರಡು ವರ್ಷದ ನಂತರ ಆ ದಾರಿಯನ್ನು ಬೇಡವೆಂದರು.

ಇದನ್ನೆಲ್ಲ ಹಳೆಯ ಕತೆ ಎಂದು ಬದಿಗಿಡುವಂತಿಲ್ಲ. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಹಾಕಿ ಸೆಮಿಫೈನಲ್ಲಿನಲ್ಲಿ ಭಾರತದ ಮಹಿಳಾ ತಂಡ ಅರ್ಜೆಂಟೀನಾಕ್ಕೆ ಸೋತಾಗ, ಹರಿದ್ವಾರದ ಹತ್ತಿರ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದ ಬಗ್ಗೆ ಪೊಲೀಸರಿಗೆ ದೂರು ಹೋಯಿತು. ಅದಕ್ಕೆ ನಾಲ್ಕು ದಿನ ಮೊದಲು ದಕ್ಷಿಣ ಆಫ್ರಿಕಾ ವಿರುದ್ಧ ಅವರು ಹ್ಯಾಟ್ರಿಕ್ ಗೋಲು ಹೊಡೆದಿದ್ದರು. ಆ ನಾಲ್ಕು ದಿನ ಅವರು ದೇಶದ ಮಗಳಾಗಿದ್ದರು.

ಬಾಲೂ ತೀರಿಕೊಂಡದ್ದು 1955ರ ಜುಲೈನಲ್ಲಿ. ಮರುವರ್ಷ ಅಕ್ಟೋಬರಿನಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದರು. ನಾನು ಮಾತ್ರ ಇನ್ನೂ 1937ರ ಆ ಮತಪೆಟ್ಟಿಗೆಯ ಹತ್ತಿರವೇ ಇದ್ದೇನೆ. ಗೆದ್ದವರು, ಸೋತವರು ಇಬ್ಬರೂ ಸಹಿ ಹಾಕಿದ ಒಪ್ಪಂದದಿಂದ ಹುಟ್ಟಿದ ಮೀಸಲು ಕ್ಷೇತ್ರ ಅದು. ಆ 11,225 ಮತಗಳಲ್ಲಿ ಬಾಲೂ ಬೌಲಿಂಗ್ ನೋಡಿದ್ದ ದಲಿತ ಕಾರ್ಮಿಕರದ್ದು ಎಷ್ಟು, ಕಾಂಗ್ರೆಸ್ಸಿನ ಸವರ್ಣರದ್ದು ಎಷ್ಟು ಎಂದು ಬೇರೆ ಮಾಡಲು ಬರುವುದಿಲ್ಲ. ಚೀಟಿಗಳೆಲ್ಲ ಒಂದೇ ಪೆಟ್ಟಿಗೆಗೆ ಬಿದ್ದಿದ್ದವು. ಬಾಲೂ ಕೇಳಿದ್ದೂ ಅದನ್ನೇ.